ಹೊಟ್ಟೆನೋವಿನ ಹುಡುಗ

ಮೊದಲ ಪೀರಿಯಡ್ ಮುಗಿದು ಎರಡನೆಯದು ಶುರುವಾಗುವ ಹೊತ್ತಿಗೆ ಆ ಹುಡುಗನಿಗೆ ಹೊಟ್ಟೆನೋವು ಬರುತ್ತಿತ್ತು. ಎರಡೂ ಕೈಗಳಿಂದ ಹೊಟ್ಟೆ ಒತ್ತಿಕೊಂಡು, ಬೆಂಚಿನ ಮೇಲೆ ತಲೆಯಿಟ್ಟು, ‘ಮಿಸ್, ಮನೆಗೆ ಹೋಗ್ತೀನಿ’ ಎನ್ನುತ್ತಿದ್ದ. ಮೊದಲೆರಡು ಸಲ ಕಳಿಸಿದರು. ಮೂರನೆಯ ಸಲ ಓಮದ ನೀರು ಕುಡಿಸಿದರು. ನಾಲ್ಕನೆಯ ಸಲ ‘ಬೆಳಿಗ್ಗೆ ಏನು ತಿಂದೆಯೋ?’ ಎಂದು ಗದರಿದರು. ಐದನೆಯ ಸಲ ಇಡೀ ತರಗತಿ ನಕ್ಕಿತು. ‘ಲೆಕ್ಕದ ಪೀರಿಯಡ್ಡಿಗೆ ಸರಿಯಾಗಿ ಬರುತ್ತೆ ನೋಡಿ ಇವನ ಹೊಟ್ಟೆನೋವು’ ಎಂದು ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟರು. ಆದರೆ ಹುಡುಗ ಲೆಕ್ಕದಲ್ಲಿ ಹಿಂದೆ ಬಿದ್ದವನೇನೂ ಅಲ್ಲ.

ಅದು ಭದ್ರಾವತಿಯ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. 2023ರ ಮಳೆಗಾಲದ ಆರಂಭ. ಹುಡುಗನ ಹೆಸರಾಗಲಿ, ಶಾಲೆಯ ಹೆಸರಾಗಲಿ ಇಲ್ಲಿ ಬೇಡ. ಅಂಥ ಹುಡುಗರು ಆ ವರ್ಷ ಆ ಊರಿನ ಯಾವ ಶಾಲೆಯಲ್ಲಿ ಬೇಕಾದರೂ ಇದ್ದಿರಬಹುದು.

ಅವನ ಕ್ಲಾಸ್ ಟೀಚರು ಕನ್ನಡ ಪಾಠ ಮಾಡುವವರು. ದಿನವೂ ಶಿವಮೊಗ್ಗದಿಂದ ಬಸ್ಸು ಹತ್ತಿ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳ ಮೇಲೆ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಬಂದು, ಸಂಜೆ ಅದೇ ದಾರಿಯಲ್ಲಿ ಮರಳುವವರು. ಮನಃಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಬಿ.ಎಡ್. ಓದುವಾಗ ಮಗುವಿನ ಮನಸ್ಸಿನ ಬಗ್ಗೆ ಒಂದು ಪತ್ರಿಕೆ ಇತ್ತು, ಪರೀಕ್ಷೆ ಬರೆದು ಮರೆತೂ ಬಿಟ್ಟಿದ್ದರು. ಗದರಿದವರಲ್ಲಿ ಅವರೂ ಒಬ್ಬರು ಎಂಬುದನ್ನೂ ಹೇಳಬೇಕು.

ಒಂದು ದಿನ ತಿಂಗಳ ಹಾಜರಿ ಕೂಡಿಸುವಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಹುಡುಗ ಯಾವ ದಿನವೂ ಪೂರ್ತಿ ಗೈರುಹಾಜರಿಲ್ಲ. ಬರುತ್ತಾನೆ, ಹನ್ನೊಂದರ ಒಳಗೆ ಹೋಗುತ್ತಾನೆ. ಲೆಕ್ಕದ ಪೀರಿಯಡ್ ಇಲ್ಲದ ದಿನವೂ ಹೋಗಿದ್ದಾನೆ. ಆದರೆ ಒಂದು ಶನಿವಾರವೂ ಅವನಿಗೆ ಹೊಟ್ಟೆ ನೋಯಲಿಲ್ಲ. ಶನಿವಾರ ಬೆಳಗಿನ ಶಾಲೆ, ಬೇಗ ಬಿಡುತ್ತದೆ. ಅಂದರೆ ಹುಡುಗನಿಗೆ ಪಾಠದ ಭಯವಲ್ಲ, ಮನೆಯಿಂದ ತುಂಬ ಹೊತ್ತು ದೂರವಿರುವ ಭಯ. ಹಾಜರಿ ಪುಸ್ತಕ ಇರುವುದು ಬಿಸಿಯೂಟದ ಲೆಕ್ಕಕ್ಕೆ, ಇನ್ಸ್‌ಪೆಕ್ಷನ್ನಿಗೆ ಎಂದು ತಿಳಿದವರೇ ಹೆಚ್ಚು. ವೈದ್ಯರ ಕೈಯಲ್ಲಿ ನಾಡಿ ಇದ್ದಂತೆ ಮೇಷ್ಟ್ರ ಕೈಯಲ್ಲಿ ಅದು ಇದೆ ಎಂಬುದು ಎಷ್ಟು ಜನಕ್ಕೆ ಹೊಳೆದೀತು?

ಮಾರನೆಯ ದಿನ ಟೀಚರು ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಲಿಲ್ಲ. ಕರೆಸಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ. ನಾಲ್ವರು ಮೇಷ್ಟ್ರುಗಳ ನಡುವೆ ಕೈ ಕಟ್ಟಿ ನಿಂತು ಮನಸ್ಸು ಬಿಚ್ಚಿದ ಹುಡುಗ ಇನ್ನೂ ಹುಟ್ಟಿಲ್ಲ. ‘ಈ ಪ್ರಬಂಧದ ನೋಟ್ಸ್ ಎತ್ಕೊಂಡು ಬಾರೋ’ ಎಂದು ಮುಂದೆ ನಡೆದರು. ವರಾಂಡದಲ್ಲಿ ಹೋಗುತ್ತಾ, ಹೊಟ್ಟೆಯ ಸುದ್ದಿಯನ್ನೇ ಎತ್ತದೆ, ಆ ಊರಿನಲ್ಲಿ ಯಾರು ಯಾರನ್ನಾದರೂ ಕೇಳುವ ಪ್ರಶ್ನೆಯನ್ನು ಕೇಳಿದರು.

‘ಅಪ್ಪಂದು ಈಗ ಯಾವ ಶಿಫ್ಟೋ?’

‘ಶಿಫ್ಟ್ ಇಲ್ಲ ಮಿಸ್’ ಎಂದ ಹುಡುಗ.

ಭದ್ರಾವತಿಯಲ್ಲಿ ಈ ಮಾತಿನ ತೂಕ ಏನೆಂದು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಹಳೆಯ ಊರು ಪಟ್ಟಣವಾದದ್ದೇ ಕಾರ್ಖಾನೆಗಳಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಒಂದರ ಸುತ್ತ ನ್ಯೂಟೌನ್, ಇನ್ನೊಂದರ ಸುತ್ತ ಪೇಪರ್ ಟೌನ್. ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲ ಒಂದೇ ನಲ್ಲಿಯಲ್ಲಿ ನೀರು ಹಿಡಿದವು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸು, ಆಟದ ಮೈದಾನ ಎಲ್ಲ ಕಾರ್ಖಾನೆಯ ನೆರಳಿನಲ್ಲಿ ಬೆಳೆದವು. ನಾವು ಬರೆದು ಹರಿದ ನೋಟುಪುಸ್ತಕಗಳಿಗೆ, ಓದಿ ಮಡಿಸಿಟ್ಟ ದಿನಪತ್ರಿಕೆಗಳಿಗೆ ಕಾಗದ ಮಾಡಿದ ಊರು ಅದು. ಆ ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುಹೋದವು. 2023ರ ಜನವರಿಯಲ್ಲಿ, ನೂರು ತುಂಬಿದ ತಿಂಗಳಲ್ಲೇ, ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದರು, ಧರಣಿ ಕೂತರು. ಆ ವರ್ಷದ ಆಗಸ್ಟಿನಲ್ಲಿ ಒಂದು ವಿಭಾಗ ಮತ್ತೆ ಕೆಲಸ ಆರಂಭಿಸಿತು. ಆದರೆ ಜೂನ್ ತಿಂಗಳಲ್ಲಿ ಆಗಸ್ಟಿನ ಸುದ್ದಿ ಯಾರಿಗೆ ಗೊತ್ತಿರುತ್ತದೆ? ಪತ್ರಿಕೆಗಳು ಬರೆದದ್ದು ದೊಡ್ಡವರ ಧರಣಿಯ ಬಗ್ಗೆ. ಆ ದೊಡ್ಡವರು ಸಂಜೆ ಮನೆಗೆ ಹೋದಾಗ ಅಲ್ಲಿ ಹೋಂವರ್ಕ್ ಬರೆಯುತ್ತಾ ಕೂತಿದ್ದವರ ಸುದ್ದಿ ಯಾವ ವರದಿಯಲ್ಲೂ ಬರಲಿಲ್ಲ.

ಹುಡುಗನ ತಾತ ಅದೇ ಕಾರ್ಖಾನೆಯಲ್ಲಿ ಖಾಯಂ ನೌಕರರಾಗಿದ್ದು ನಿವೃತ್ತರಾದವರು. ತಂದೆ ಗುತ್ತಿಗೆಯವರು. ಕೆಲಸ ನಿಂತ ಮೇಲೆ ತಾಯಿ ಗಾರ್ಮೆಂಟ್ಸ್‌ಗೆ ಹೋಗತೊಡಗಿದರು. ಬೆಳಿಗ್ಗೆ ಬೇಗ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಮನೆ. ತಂದೆ ಜಗುಲಿಯ ಮೇಲೆ ಕೂತಿರುತ್ತಾರೆ. ಯಾರೊಂದಿಗೂ ಮಾತಿಲ್ಲ, ಹೊತ್ತಿಗೆ ಸರಿಯಾಗಿ ಊಟವಿಲ್ಲ. ಒಂದು ರಾತ್ರಿ, ಮಕ್ಕಳು ಮಲಗಿದ್ದಾರೆಂದುಕೊಂಡು ಅವರು ಹೆಂಡತಿಗೆ ‘ನಾನು ಎಲ್ಲಾದ್ರೂ ಹೊರಟುಹೋಗ್ತೀನಿ, ನೀವಾದ್ರೂ ನೆಮ್ಮದಿಯಾಗಿರಿ’ ಎಂದದ್ದನ್ನು ಹುಡುಗ ಹೊದಿಕೆಯ ಒಳಗಿನಿಂದ ಕೇಳಿಸಿಕೊಂಡಿದ್ದ. ಆಮೇಲೆ ಅವನಿಗೆ ಶಾಲೆಯಲ್ಲಿ ಕೂರಲಾಗಲಿಲ್ಲ. ಅವನು ಮನೆಗೆ ಓಡುತ್ತಿದ್ದದ್ದು ಕಾವಲಿಗೆ.

ಇನ್ನೊಂದು ಸಂಗತಿಯನ್ನೂ ಅವನು ಹೇಳಿದ. ಹೊಟ್ಟೆನೋವು ಎಂದು ಹೋದರೆ ಅಪ್ಪ ಜಗುಲಿಯಿಂದ ಏಳುತ್ತಾರೆ. ಒಲೆ ಹಚ್ಚಿ, ಜೀರಿಗೆ ಕುಟ್ಟಿ, ಕಷಾಯ ಮಾಡಿ ಕೊಡುತ್ತಾರೆ. ಅಷ್ಟು ಹೊತ್ತಾದರೂ ಅಪ್ಪ ಏನೋ ಒಂದು ಕೆಲಸ ಮಾಡುತ್ತಾರೆ.

ಹಾಗಾದರೆ ಹೊಟ್ಟೆನೋವು ಸುಳ್ಳೇ? ಅಲ್ಲ. ಇಲ್ಲಿಯೇ ಹಿರಿಯರು ಹೆಚ್ಚಾಗಿ ಎಡವುವುದು. ಮನಸ್ಸು ಹೆದರಿದಾಗ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ, ತಲೆ ನಿಜವಾಗಿಯೂ ಸಿಡಿಯುತ್ತದೆ. ಮೆದುಳಿಗೂ ಜಠರಕ್ಕೂ ನಡುವೆ ನರಗಳ ಹೆದ್ದಾರಿಯೇ ಇದೆ ಎನ್ನುತ್ತದೆ ವೈದ್ಯವಿಜ್ಞಾನ. ನಮ್ಮ ಭಾಷೆಗೆ ಇದು ಎಂದೋ ಗೊತ್ತಿತ್ತು. ಹೊಟ್ಟೆಕಿಚ್ಚು, ಹೊಟ್ಟೆಯುರಿ, ಕರುಳು ಚುರುಕ್ ಎನ್ನುವುದು, ಹೊಟ್ಟೆಗೆ ಹಾಕಿಕೊಳ್ಳುವುದು ಎಂದು ಮನಸ್ಸಿನ ಅರ್ಧ ವ್ಯವಹಾರವನ್ನು ಕನ್ನಡ ಹೊಟ್ಟೆಯಲ್ಲೇ ಇಟ್ಟಿದೆ. ಚಿಕ್ಕ ಮಕ್ಕಳಿಗೆ ‘ನನಗೆ ಆತಂಕವಾಗಿದೆ’ ಎನ್ನಲು ಬರುವುದಿಲ್ಲ. ‘ಹೊಟ್ಟೆ ನೋಯ್ತಿದೆ’ ಎನ್ನಲು ಬರುತ್ತದೆ. ಮೊದಲು ವೈದ್ಯರಿಗೆ ತೋರಿಸಿ, ದೇಹದ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಾದದ್ದು ಸರಿಯೇ. ಅನಂತರವೂ ನೋವು ಬರುತ್ತಲೇ ಇದ್ದರೆ, ಯಾವ ದಿನ, ಯಾವ ಹೊತ್ತು, ಯಾರ ಮುಂದೆ ಎಂದು ನೋಡಬೇಕು.

ಇಂಥ ಮಾತನ್ನು ಮನೆಮಾತಿನ ಕನ್ನಡದಲ್ಲಿ ಹೇಳಿದವರು ಆ ಜಿಲ್ಲೆಯಲ್ಲೇ ಇದ್ದರು ಎಂಬುದು ಗಮನಾರ್ಹ. ಶಿವಮೊಗ್ಗದ ‘ಮಾನಸ’ ನರ್ಸಿಂಗ್ ಹೋಮಿನ ಮನೋವೈದ್ಯ ಡಾ. ಅಶೋಕ್ ಪೈ ಪತ್ರಿಕೆಗಳಲ್ಲಿ ಬರೆದರು, ಕಥೆ ಹೆಣೆದರು, ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ಯಂಥ ಚಿತ್ರದ ಮೂಲಕ ಮನಸ್ಸಿನ ತೊಡಕುಗಳನ್ನು ತೆರೆಯ ಮೇಲೂ ತಂದರು. ಮನೋವೈದ್ಯರ ಬಾಗಿಲಿಗೆ ಹೋಗುವುದೆಂದರೆ ಹುಚ್ಚಿನ ಮುದ್ರೆ ಹೊತ್ತಿಸಿಕೊಂಡಂತೆ ಎಂದು ಜನ ಅಂಜುತ್ತಿದ್ದ ಕಾಲದಲ್ಲಿ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಆ ಅಂಜಿಕೆ ಸ್ವಲ್ಪ ಸಡಿಲವಾದದ್ದು ಅಂಥ ಬರಹಗಳಿಂದ. ಅವರು 2016ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಾಲೇಜು ಶಿವಮೊಗ್ಗದಲ್ಲಿ ಮನಃಶಾಸ್ತ್ರವನ್ನೂ ಆಪ್ತಸಲಹೆಯನ್ನೂ ಕಲಿಸುತ್ತದೆ. ಆಪ್ತಸಲಹೆ ಎಂಬ ಮಾತನ್ನು ಯಾರು ಹುಟ್ಟುಹಾಕಿದರೋ, ಒಳ್ಳೆಯ ಮಾತು. ಮೊದಲು ಆಪ್ತ, ಆಮೇಲೆ ಸಲಹೆ. ನಮ್ಮ ಅನೇಕ ಶಾಲೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ.

ಟೀಚರೂ ಆ ತಪ್ಪಿನಿಂದ ಪಾರಾಗಲಿಲ್ಲ. ಹುಡುಗ ಹೇಳಿದ್ದನ್ನು ಅವರು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇಬ್ಬರು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡರು. ಚಾಡಿಗಲ್ಲ, ಮರುಕದಿಂದಲೇ. ಮಾತು ಸ್ಟಾಫ್ ರೂಮಿನಲ್ಲಿ ನಿಲ್ಲಲಿಲ್ಲ. ಮಾರನೆಯ ದಿನ ಡ್ರಿಲ್ ಮೇಷ್ಟ್ರು ಮೈದಾನದಲ್ಲಿ, ಎಲ್ಲ ಹುಡುಗರೂ ಸಾಲಾಗಿ ನಿಂತಿರುವಾಗ, ಅವನ ಹೆಗಲ ಮೇಲೆ ಕೈಯಿಟ್ಟು ‘ಅಪ್ಪನ ವಿಷಯ ಗೊತ್ತಾಯ್ತು ಕಣೋ, ಧೈರ್ಯವಾಗಿರು’ ಎಂದರು. ಅವರ ಮನಸ್ಸು ಒಳ್ಳೆಯದೇ. ಹುಡುಗ ನಾಲ್ಕು ದಿನ ಶಾಲೆಯ ಕಡೆ ತಲೆಹಾಕಲಿಲ್ಲ. ಈ ಸಲ ಹೊಟ್ಟೆನೋವಿನ ನೆಪವನ್ನೂ ಹೇಳಿ ಕಳಿಸಲಿಲ್ಲ.

ಮಕ್ಕಳು ಗುಟ್ಟು ಹೇಳುವುದು ಸುಲಭವಲ್ಲ. ಹೇಳಿದ ಗುಟ್ಟು ಮೈದಾನದಲ್ಲಿ ಎದುರಿಗೆ ಬಂದರೆ ಮತ್ತೊಮ್ಮೆ ಯಾರಿಗೂ ಹೇಳುವುದಿಲ್ಲ. ಅದರ ಬದಲು ಬೈದು ಕೂರಿಸಿದ್ದರೂ ಆ ಹುಡುಗನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. (ಮಗುವಿನ ಪ್ರಾಣಕ್ಕೋ ಮಾನಕ್ಕೋ ಅಪಾಯವಿದೆ ಎನಿಸಿದರೆ ಗುಟ್ಟು ಕಾಯುತ್ತಾ ಕೂರುವಂತಿಲ್ಲ, ಅದು ಬೇರೆ. ಆಗಲೂ ಯಾರಿಗೆ ಹೇಳುತ್ತೇವೆ ಎಂಬುದನ್ನು ಮಗುವಿಗೆ ಮೊದಲು ತಿಳಿಸಿಯೇ ಹೇಳಬೇಕು.)

ಇದು ಕಾರ್ಖಾನೆಯ ಊರಿಗಷ್ಟೇ ಬಂದ ಕಷ್ಟವೆಂದು ಶಿವಮೊಗ್ಗದವರು ತಿಳಿಯಬಾರದು. ಭದ್ರಾವತಿಯಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ಎಷ್ಟೋ ಮಕ್ಕಳು ಟೀಚರು ಓಡಾಡುವ ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಬಸ್ಸು ಹತ್ತಿ ಶಿವಮೊಗ್ಗದ ಪಿ.ಯು. ಕಾಲೇಜುಗಳಿಗೆ ಬರುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆಯಿಂದ ಬಂದು ಹಾಸ್ಟೆಲು ಸೇರುವವರೂ ಉಂಟು. ಫಲಿತಾಂಶದ ಮರುದಿನ ರಸ್ತೆ ಬದಿಗೆ ಏಳುವ ಬ್ಯಾನರುಗಳಲ್ಲಿ ನಗುವ ಮುಖಗಳನ್ನು ನೋಡಿ ತಾಯ್ತಂದೆಯರು ಕಾಲೇಜು ಆರಿಸುತ್ತಾರೆ. ಹತ್ತನೆಯ ತರಗತಿಯವರೆಗೆ ಊರಿಗೇ ಮೊದಲಿಗಳಾಗಿದ್ದ ಹುಡುಗಿಗೆ ಇಲ್ಲಿ ಮೊದಲ ಟೆಸ್ಟಿನಲ್ಲಿ ನೂರಕ್ಕೆ ನಲವತ್ತು ಬಂದರೆ ಅದನ್ನು ಯಾರಿಗೆ ಹೇಳಬೇಕು? ಮನೆಗೆ ಹೇಳಿದರೆ ‘ಅಷ್ಟು ಫೀಸು ಕಟ್ಟಿದ್ದೀವಿ’ ಎಂಬ ಉತ್ತರ ಸಿದ್ಧ. ಲೆಕ್ಚರರಿಗೆ ಅವಳ ಹೆಸರೇ ಗೊತ್ತಿಲ್ಲ. ಇಂಥ ಒಂದು ಹಾಸ್ಟೆಲಿನಲ್ಲಿ ಮೊದಲು ಗಮನಿಸಿದವಳು ಮೆಸ್ಸಿನ ಅಡುಗೆಯಾಕೆ. ‘ಆ ಮಗು ಮೂರು ದಿನದಿಂದ ತಟ್ಟೆ ಹಾಗೇ ವಾಪಸ್ ಇಡ್ತಿದೆ’ ಎಂದು ವಾರ್ಡನ್ನಿಗೆ ಹೇಳಿದಳು. ವಾರ್ಡನ್ ಕೇಳಿಸಿಕೊಂಡರು. ಹುಡುಗಿ ವಿಜ್ಞಾನ ಬಿಟ್ಟು ಕಾಮರ್ಸ್ ಸೇರಿದಳು. ಶಾಲೆ ಎಂದರೆ ಮೇಷ್ಟ್ರುಗಳು ಮಾತ್ರ ಅಲ್ಲ. ಗಂಟೆ ಹೊಡೆಯುವ ಅಟೆಂಡರು, ವ್ಯಾನಿನ ಡ್ರೈವರು, ಬಿಸಿಯೂಟ ಬಡಿಸುವ ಅಮ್ಮಂದಿರು ಮಕ್ಕಳ ಮುಖವನ್ನು ದಿನವೂ ಹತ್ತಿರದಿಂದ ನೋಡುವವರು. ಅವರ ಮಾತಿಗೆ ಸ್ಟಾಫ್ ಮೀಟಿಂಗಿನಲ್ಲಿ ಜಾಗವಿದೆಯೇ?

ಕಾಗದದ ಮೇಲೆ ಕೊರತೆಯೇನೂ ಇಲ್ಲ. ಮಕ್ಕಳ ಬೆನ್ನಿನ ಹೊರೆಯ ಬಗ್ಗೆ ಪ್ರೊ. ಯಶಪಾಲ್ ಸಮಿತಿ 1993ರಲ್ಲೇ ವರದಿ ಕೊಟ್ಟಿತು. ಪುಸ್ತಕದ ತೂಕಕ್ಕಿಂತ, ಅರ್ಥವಾಗದೆ ಓದುವುದೇ ದೊಡ್ಡ ಹೊರೆ ಎಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಂದರೆ ‘ದನ ಕಾಯೋಕೆ ಹೋಗು’ ಎನ್ನುವುದೂ ಕಾನೂನಿಗೆ ವಿರುದ್ಧ. ಬೆಂಗಳೂರಿನ ನಿಮ್ಹಾನ್ಸ್ ಜೀವನ ಕೌಶಲದ ಕೈಪಿಡಿಗಳನ್ನು ಮಾಡಿ ಶಿಕ್ಷಕರಿಗೆ ತರಬೇತಿ ಕೊಟ್ಟಿದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರೋ ಮನಃಶಾಸ್ತ್ರಜ್ಞರೋ ಸಮಾಜಕಾರ್ಯ ಕಲಿತವರೋ ಒಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಮುನ್ನೂರು ಮಕ್ಕಳನ್ನು ಕೂರಿಸಿ, ಹಾರ ಹಾಕಿಸಿಕೊಂಡು, ‘ಒತ್ತಡ ನಿವಾರಣೆ’ಯ ಮೇಲೆ ಒಂದು ಗಂಟೆ ಭಾಷಣ ಮಾಡಿ ಫೋಟೋ ತೆಗೆಸಿಕೊಂಡರೆ ಕೋರ್ಟಿನ ಮಾತು ನಡೆಸಿದಂತಾಗುವುದಿಲ್ಲ. ಅಂಥ ಭಾಷಣದ ದಿನವೂ ಆ ಹುಡುಗ ಹನ್ನೊಂದು ಗಂಟೆಗೆ ಹೊಟ್ಟೆ ಹಿಡಿದುಕೊಂಡೇ ಏಳುತ್ತಿದ್ದ.

ಐದನೆಯ ದಿನ ಸಂಜೆ ಟೀಚರು ಶಿವಮೊಗ್ಗದ ಬಸ್ಸು ಬಿಟ್ಟು ಹುಡುಗನ ಮನೆ ಹುಡುಕಿಕೊಂಡು ಹೋದರು. ಕೈಯಲ್ಲಿ ಅವನ ಪ್ರಬಂಧದ ನೋಟ್ಸು. ಜಗುಲಿಯ ಮೇಲಿದ್ದ ತಂದೆ ಗಡಬಡಿಸಿ ಎದ್ದು, ‘ಬನ್ನಿ ಮೇಡಂ’ ಎಂದು ಒಳಗಿನಿಂದ ಕುರ್ಚಿ ತಂದು ಹಾಕಿದರು. ಹುಡುಗ ಬಾಗಿಲ ಹಿಂದೆ. ಟೀಚರು ಎದ್ದು ಅವನ ಹತ್ತಿರ ಹೋಗಿ, ಅಪ್ಪನಿಗೆ ಕೇಳಿಸದಂತೆ, ‘ನೀನು ನಂಬಿ ಹೇಳಿದ್ದನ್ನ ನಾನು ಇನ್ನೊಬ್ಬರಿಗೆ ಹೇಳಬಾರದಿತ್ತು. ನನ್ನಿಂದ ತಪ್ಪಾಯ್ತು ಕಣೋ’ ಎಂದರು. ಹುಡುಗ ಏನೂ ಹೇಳಲಿಲ್ಲ. ನೋಟ್ಸು ಇಸಿದುಕೊಂಡ. ಅಷ್ಟರಲ್ಲಿ ತಾಯಿ ಬಂದರು. ಟೀಚರು ಈ ಸಲ ಮೊದಲು ಅವನನ್ನೇ ಕೇಳಿದರು: ‘ಅಮ್ಮನ ಹತ್ರ ಮಾತಾಡ್ಲಾ?’ ಅವನು ತಲೆಯಾಡಿಸಿದ.

ತಾಯಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಮಗ ಶಾಲೆಯಿಂದ ಓಡಿ ಬರುತ್ತಿದ್ದದ್ದು ಏಕೆಂದು ತಿಳಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ‘ಆಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದದ್ದಕ್ಕೆ ತಂದೆ ಒಪ್ಪಲಿಲ್ಲ. ‘ನನಗೇನು ಹುಚ್ಚು ಹಿಡಿದಿದೆಯಾ?’ ಎಂಬ ಎಲ್ಲರ ಪ್ರಶ್ನೆಯೇ ಅವರದೂ. ಕೊನೆಗೆ ತಾಯಿಯೇ ಒಂದು ಉಪಾಯ ಮಾಡಿದರು. ‘ನನಗೇ ರಾತ್ರಿ ನಿದ್ದೆ ಬರ್ತಿಲ್ಲ, ನೀವು ಜೊತೆಗೆ ಬನ್ನಿ’ ಎಂದು ಒಂದು ದಿನ ರಜೆ ಹಾಕಿ ಗಂಡನನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆತಂದರು. ಡಾಕ್ಟರು ಇಬ್ಬರನ್ನೂ ಮಾತನಾಡಿಸಿದರು. ಆಕೆಗೆ ನಿಜವಾಗಿಯೂ ನಿದ್ದೆ ಬರುತ್ತಿರಲಿಲ್ಲ ಎನ್ನುವುದು ಆಗ ಹೊರಗೆ ಬಂದಿತು.

ಶಾಲೆ ಮಾಡಿದ್ದು ಇಷ್ಟೇ. ಹನ್ನೊಂದರ ಇಂಟರ್‌ವಲ್ಲಿನಲ್ಲಿ ಹುಡುಗ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎರಡು ನಿಮಿಷ ಮನೆಗೆ ಫೋನು ಮಾಡಬಹುದು. ಹೆಡ್‌ಮಾಸ್ತರರು ಮೊದಲು ಹಿಂದೆಮುಂದೆ ನೋಡಿದರು. ‘ಒಬ್ಬನಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ ಮೇಡಂ.’ ಯಾರೂ ಕೇಳಲಿಲ್ಲ. ಯಾರಿಗೂ ಗೊತ್ತಾಗದಂತೆ ಟೀಚರು ಅವನಿಗೆ ಸೀಮೆಸುಣ್ಣದ ಡಬ್ಬಿ ತರುವ ಕೆಲಸ ವಹಿಸಿದ್ದರು. ದಿನವೂ ಹನ್ನೊಂದಕ್ಕೆ ಡಬ್ಬಿ ಹಿಡಿದು ಹೋಗುತ್ತಿದ್ದ, ‘ಅಪ್ಪ, ತಿಂಡಿ ಆಯ್ತಾ?’ ಎಂದು ಕೇಳುತ್ತಿದ್ದ, ಡಬ್ಬಿ ತುಂಬಿಸಿಕೊಂಡು ಬರುತ್ತಿದ್ದ. ಡ್ರಿಲ್ ಮೇಷ್ಟ್ರು ಏನೂ ಮಾತನಾಡದೆ ಅವನನ್ನು ಖೋ ಖೋ ತಂಡಕ್ಕೆ ಸೇರಿಸಿಕೊಂಡರು. ಎರಡು ವಾರ ಹೊಟ್ಟೆನೋವು ಬಂದಿತು, ಹೋಯಿತು. ಒಂದು ದಿನ ಅತ್ತ, ಒಂದು ದಿನ ಗಣಿತದ ಟೆಸ್ಟಿನಲ್ಲಿ ಖಾಲಿ ಹಾಳೆ ಕೊಟ್ಟ. ಎಲ್ಲವೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ತಂದೆಗೆ ಮಾಚೇನಹಳ್ಳಿಯ ಕಡೆ ಒಂದು ವರ್ಕ್‌ಶಾಪಿನಲ್ಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕಿತು. ಅದೂ ಹಿಂದಿನ ಸಂಬಳಕ್ಕಲ್ಲ.

ಹತ್ತಿರದಲ್ಲಿ ಇಂಥ ಟೀಚರು ಇಲ್ಲದ ಮಕ್ಕಳು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ದೊಡ್ಡವರೂ ಮಕ್ಕಳೂ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದಾದ, 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ನ ಸಂಖ್ಯೆ 14416. ಈ ಎರಡು ಸಂಖ್ಯೆಗಳನ್ನು ಹಾಲಿನವನ, ಗ್ಯಾಸಿನವನ ನಂಬರಿನ ಪಕ್ಕದಲ್ಲೇ ಗೋಡೆಗೆ ಬರೆದಿಟ್ಟುಕೊಂಡರೆ ಮನೆಯ ಮಾನವೇನೂ ಹೋಗುವುದಿಲ್ಲ.

ದಸರೆ ರಜೆ ಕಳೆದು ಶಾಲೆ ಶುರುವಾದ ಮೇಲಿನ ಮಾತು. ಹನ್ನೊಂದೂಕಾಲಾಗಿತ್ತು. ಹೆಡ್‌ಮಾಸ್ತರರ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಆ ಕಡೆ ಹುಡುಗನ ತಂದೆ.

‘ಸಾರ್, ಇವತ್ತು ನಮ್ಮ ಹುಡುಗ ಫೋನ್ ಮಾಡ್ಲಿಲ್ಲ. ಮತ್ತೆ ಹೊಟ್ಟೆನೋವೇನಾದ್ರೂ...’

ಹೆಡ್‌ಮಾಸ್ತರರು ಕಿಟಕಿಯಿಂದ ನೋಡಿದರು. ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಅವನು ಖೋ ಖೋ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಸೀಮೆಸುಣ್ಣದ ಡಬ್ಬಿ ಮೈದಾನದ ಅಂಚಿನಲ್ಲಿತ್ತು.

‘ಆಟ ಆಡ್ತಿದಾನೆ. ಕರೀಲಾ?’

‘ಬೇಡ ಸಾರ್’ ಎಂದರು ತಂದೆ. ‘ಆಡ್ಲಿ ಬಿಡಿ.’